ಒಲೆ ಹೊಗೆ ಎಲ್ಲಿಗೆ ಹೋಗುತ್ತದೆ?

ಬೆಳಗಿನ ಹೊತ್ತು. ಒಲೆ ಹಚ್ಚಿದ್ದೀರಿ. ಹೆಂಚಿನ ಸಂದಿಯಿಂದ ಒಂದು ಬಿಸಿಲುಕೋಲು ಅಡುಗೆಮನೆಯೊಳಗೆ ಇಳಿದಿದೆ. ಅದನ್ನು ಒಮ್ಮೆ ನೋಡಿ. ಅದರೊಳಗೆ ದೂಳಿನ ಕಣಗಳು ಮೇಲೆ ಕೆಳಗೆ ಆಡುತ್ತಿರುತ್ತವೆ. ಚಿಕ್ಕಂದಿನಲ್ಲಿ ನಾವೆಲ್ಲ ಆ ಕೋಲನ್ನು ಕೈಯಲ್ಲಿ ಹಿಡಿಯಲು ಹೋದವರೇ.

ಬಿಸಿಲುಕೋಲು ಸರಿದು ಹೋದರೆ ದೂಳು ಕಾಣುವುದಿಲ್ಲ. ಹಾಗಂತ ಅದು ಹೋಗಿಬಿಟ್ಟಿತು ಅಂತಲ್ಲ. ಅಲ್ಲೇ ಇದೆ. ಅಲ್ಲೇ ಕೂತು ನಾವು ಉಸಿರಾಡುತ್ತೇವೆ. ಬಿಸಿಲುಕೋಲಿನಲ್ಲೂ ಕಣ್ಣಿಗೆ ಬೀಳದಷ್ಟು ಸಣ್ಣ ಕಣಗಳು ಇನ್ನೆಷ್ಟೋ ಇವೆ. ಲಕ್ಷಗಟ್ಟಲೆ ಒಟ್ಟು ಸೇರಿದಾಗ ಮಾತ್ರ ಅವು ಹೊಗೆ ಅಂತ ನಮಗೆ ಕಾಣುತ್ತವೆ. ಈ ಪಾಠ ಆ ಸಣ್ಣ ಕಣಗಳದ್ದು.

ಮೊದಲು ನನ್ನ ಅತ್ತೆಯ ವಿಷಯ ಹೇಳುತ್ತೇನೆ.

ಅತ್ತೆಗೆ ಹಳೇ ಕೆಮ್ಮು. ಚಳಿಗಾಲ ಬಂದರೆ ರಾತ್ರಿಯೆಲ್ಲ ಕೂತೇ ಕಳೆಯುತ್ತಿದ್ದರು. ಬಾವಿಯಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಎರಡು ಸಲ ನಿಲ್ಲುತ್ತಿದ್ದರು. ವಯಸ್ಸಾಯ್ತು, ಅದಕ್ಕೇ ಹೀಗೆ ಅಂತ ನಾವೂ ಸುಮ್ಮನಿದ್ದೆವು. ಕಾಲು ಊದಿಕೊಂಡ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಕೇಳಿದರು:

"ಬೀಡಿ ಸೇದ್ತೀರಾ ಅಮ್ಮಾ?"

"ಅಯ್ಯೋ ಬಿಡ್ತು ಅನ್ನಿ. ಎಲೆಅಡಿಕೆ ಬಿಟ್ರೆ ನಂಗೆ ಬೇರೆ ಚಟ ಇಲ್ಲಪ್ಪಾ."

"ಒಲೆ ಮುಂದೆ ಎಷ್ಟು ವರ್ಷದಿಂದ ಕೂತಿದ್ದೀರಿ?"

"ಮದುವೆ ಆದಾಗಿಂದ. ಐವತ್ತು ವರ್ಷ ಆಗಿರ್ಬೇಕು."

ಡಾಕ್ಟರು ಒಂದು ಯಂತ್ರದ ಕೊಳವೆ ಕೊಟ್ಟು, ಜೋರಾಗಿ ಊದಿ ಅಂದರು. ಅತ್ತೆಗೆ ಆಗಲಿಲ್ಲ. ಐವತ್ತು ವರ್ಷ ಊದುಗೊಳವೆ ಊದಿದವರಿಗೆ ಆ ಕೊಳವೆ ಊದಲು ಆಗಲಿಲ್ಲ. ಬೀಡಿ ಸೇದುವವರ ಎದೆಯ ಹಾಗೇ ಆಗಿದೆ ಇವರ ಎದೆ, ಒಲೆ ಹೊಗೆಯೇ ಕಾರಣ ಅಂದರು ಡಾಕ್ಟರು.

ಇದು ನನ್ನ ಅತ್ತೆಯೊಬ್ಬರ ಕತೆಯಲ್ಲ. ದೆಹಲಿಯಲ್ಲಿ ಡಾಕ್ಟರ್ ಪದ್ಮಾವತಿ ಅಂತ ಹೃದಯದ ವೈದ್ಯರೊಬ್ಬರಿದ್ದರು. 1917ರಲ್ಲಿ ಬರ್ಮಾ ದೇಶದಲ್ಲಿ ಹುಟ್ಟಿದವರು. 103 ವರ್ಷ ತುಂಬು ಬಾಳು ಬಾಳಿ 2020ರಲ್ಲಿ ತೀರಿಕೊಂಡರು. 1950ರ ದಶಕದಲ್ಲಿ ಅವರ ಹತ್ತಿರ ಒಂದು ಬಗೆಯ ರೋಗಿಗಳು ಬರುತ್ತಿದ್ದರು. ಮೊದಲು ಶ್ವಾಸಕೋಶ ಕೆಟ್ಟು, ಅದರಿಂದ ಹೃದಯವೂ ಸೋತವರು. ಗಂಡಸರಿಗೆ ಬಂದರೆ ಬೀಡಿ, ಹುಕ್ಕಾ ಅನ್ನಬಹುದು. ಆದರೆ ಹೆಂಗಸರಿಗೂ ಹೆಚ್ಚು ಕಡಿಮೆ ಅಷ್ಟೇ ಬರುತ್ತಿತ್ತಲ್ಲ? ಅವರಲ್ಲಿ ಸೇದುವವರು ಕಡಿಮೆ. ಪದ್ಮಾವತಿಯವರ ಕಣ್ಣು ಆಗ ಒಲೆಯ ಕಡೆಗೆ, ಬೆರಣಿಯ ಹೊಗೆಯ ಕಡೆಗೆ ಹೋಯಿತು. ತಾವು ಕಂಡಿದ್ದನ್ನು ಅವರು 1959ರಲ್ಲಿ ಬರೆದು ಪ್ರಕಟಿಸಿದರು. ಅಡುಗೆಮನೆಯನ್ನೂ ಕಾಯಿಲೆಯ ಲೆಕ್ಕಕ್ಕೆ ತಂದುಕೊಂಡವರು ಒಬ್ಬ ಹೆಂಗಸು ಅನ್ನುವುದು ನನಗೆ ಸಂತೋಷದ ಮಾತು.

ಈಗ ಕಣಗಳ ವಿಷಯಕ್ಕೆ ಬರೋಣ.

ರಾಗಿ ಹಿಟ್ಟು ಜರಡಿ ಹಿಡಿಯುತ್ತೀರಿ. ತೌಡು ಮೇಲೆ ನಿಲ್ಲುತ್ತದೆ. ನಯವಾದ ಹಿಟ್ಟು ಕೆಳಗೆ ಇಳಿಯುತ್ತದೆ. ನಮ್ಮ ಮೂಗೂ ಒಂದು ಜರಡಿಯೇ. ರಸ್ತೆ ದೂಳು, ಕಣದ ಹೊಟ್ಟು ದಪ್ಪ ದೂಳು. ಮೂಗಿನ ಕೂದಲಿಗೆ, ಸಿಂಬಳಕ್ಕೆ ಅಂಟಿಕೊಂಡು ಅಲ್ಲೇ ನಿಲ್ಲುತ್ತದೆ. ಸ್ವಲ್ಪ ಸಣ್ಣದು ಗಂಟಲು ದಾಟುತ್ತದೆ. ಗಾಳಿ ಹೋಗುವ ಕೊಳವೆಯೊಳಗೆ ಕಣ್ಣಿಗೆ ಕಾಣದ ರೋಮಗಳಿವೆ. ಪೈರು ಗಾಳಿಗೆ ಬಾಗಿದ ಹಾಗೆ ಅವು ಒಂದೇ ಸಮ ಮೇಲಕ್ಕೆ ಬೀಸುತ್ತಿರುತ್ತವೆ. ಸಿಕ್ಕಿದ ಕೊಳೆಯನ್ನು ಕಫದ ಜೊತೆ ಗಂಟಲಿಗೆ ತಳ್ಳುತ್ತವೆ. ನಾವು ಕೆಮ್ಮಿ ಉಗುಳುತ್ತೇವೆ. ಹೊಗೆಯಲ್ಲಿ ಕೂತ ದಿನ ಕಫ ಕಪ್ಪಗೆ ಬರುವುದು ಇದಕ್ಕೇ.

ತೀರಾ ಸಣ್ಣ ಕಣ ಈ ಎರಡು ಕಾವಲನ್ನೂ ದಾಟುತ್ತದೆ. ಎಷ್ಟು ಸಣ್ಣದು? ನಿಮ್ಮ ತಲೆಯ ಒಂದು ಕೂದಲು ಕಿತ್ತು ನೋಡಿ. ಆ ಕೂದಲಿನ ದಪ್ಪದಲ್ಲಿ ಇಂಥ ಕಣಗಳನ್ನು ಪಕ್ಕಪಕ್ಕಕ್ಕೆ ಸುಮಾರು 30 ಜೋಡಿಸಬಹುದು. ಪತ್ರಿಕೆಯಲ್ಲಿ "ಪಿಎಂ 2.5" ಅಂತ ಬರೆದಿರುತ್ತದೆ. ಓದುವಾಗ ಸಿಕ್ಕರೆ ಗುರುತು ಹಿಡಿಯಿರಿ. ಅದು ಈ ಕಣವೇ. ಒಲೆ ಹೊಗೆಯಲ್ಲಿ ಇರುವ ಕಣಗಳಲ್ಲಿ ಹೆಚ್ಚಿನವು ಈ ಅಳತೆಗಿಂತಲೂ ಸಣ್ಣವು.

ಎಷ್ಟೋ ಜನ ಅಕ್ಕಂದಿರು ಸೆರಗು ಮೂಗಿಗೆ ಕಟ್ಟಿಕೊಂಡು ಒಲೆ ಊದುತ್ತಾರೆ. ಸೆರಗು ದಪ್ಪ ದೂಳನ್ನು ತಡೆಯುತ್ತದೆ. ಹೊಗೆಯನ್ನು ತಡೆಯುವುದಿಲ್ಲ. ಮೀನಿನ ಬಲೆಯಲ್ಲಿ ಸೊಳ್ಳೆ ಹಿಡಿದ ಹಾಗೆ ಆಗುತ್ತದೆ.

ನಮ್ಮ ಶ್ವಾಸಕೋಶದ ತುದಿಯಲ್ಲಿ ದ್ರಾಕ್ಷಿ ಗೊಂಚಲಿನ ಹಾಗೆ ಪುಟ್ಟ ಪುಟ್ಟ ಗಾಳಿಚೀಲಗಳಿವೆ. ಒಂದಲ್ಲ, ಎರಡಲ್ಲ, 30 ಕೋಟಿಗೂ ಹೆಚ್ಚು. ಅವುಗಳ ಗೋಡೆ ಈರುಳ್ಳಿ ಪೊರೆಗಿಂತಲೂ ತೆಳು. ಗೋಡೆಯ ಆಚೆ ಕಡೆ ರಕ್ತ ಹರಿಯುತ್ತದೆ. ಗಾಳಿಯಲ್ಲಿರುವ ಆಮ್ಲಜನಕ ಇಲ್ಲಿಂದಲೇ ರಕ್ತಕ್ಕೆ ಸೇರುತ್ತದೆ. ಸಣ್ಣ ಕಣ ಬಂದು ಕೂರುವುದೂ ಇಲ್ಲೇ. ಇಲ್ಲಿ ಗುಡಿಸುವ ರೋಮಗಳಿಲ್ಲ. ಕೊಳೆ ತಿನ್ನುವ ಕೆಲವು ಜೀವಕೋಶಗಳಿವೆ. ಅವು ಬಂದು ಕಣವನ್ನು ನುಂಗುತ್ತವೆ. ಒಂದೆರಡು ದಿನದ ಹೊಗೆಯಾದರೆ ಸರಿ. ದಿನಾ ಬೆಳಗ್ಗೆ, ದಿನಾ ಸಂಜೆ ಹೊಗೆ ಬಂದರೆ ಅವು ತಾನೇ ಏನು ಮಾಡಿಯಾವು? ಸೋಲುತ್ತವೆ. ಮುಳ್ಳು ಚುಚ್ಚಿದ ಕಡೆ ಬಾವು ಬರುವ ಹಾಗೆ ಒಳಗೂ ಬಾವು ಬರುತ್ತದೆ. ಗಾಳಿಯ ಕೊಳವೆಗಳು ದಪ್ಪವಾಗಿ ದಾರಿ ಕಿರಿದಾಗುತ್ತದೆ. ಗಾಳಿಚೀಲಗಳ ಗೋಡೆ ಹರಿದುಹೋಗುತ್ತದೆ. ಹರಿದದ್ದು ಮತ್ತೆ ಹೊಸದಾಗಿ ಹುಟ್ಟುವುದಿಲ್ಲ. ಔಷಧಿಯಿಂದ ದಮ್ಮು ಕಡಿಮೆ ಆಗಬಹುದು, ಹೋದ ಚೀಲ ವಾಪಸು ಬರುವುದಿಲ್ಲ.

ಇನ್ನು ಕಾಲು ಯಾಕೆ ಊದಿಕೊಂಡಿತು? ಕಾಲುವೆಯಲ್ಲಿ ಹೂಳು ತುಂಬಿದರೆ ನೀರು ಮುಂದೆ ಹೋಗದೆ ಹಿಂದಕ್ಕೆ ಒತ್ತುತ್ತದೆ. ಹೃದಯದ ಬಲಭಾಗ ಶ್ವಾಸಕೋಶಕ್ಕೆ ರಕ್ತ ತಳ್ಳುತ್ತದೆ. ಶ್ವಾಸಕೋಶ ಕೆಟ್ಟರೆ ರಕ್ತದ ದಾರಿ ಇಕ್ಕಟ್ಟಾಗುತ್ತದೆ. ಹೃದಯ ಹೆಚ್ಚು ಹೆಚ್ಚು ಜೋರಾಗಿ ತಳ್ಳಬೇಕು. ವರ್ಷಾನುಗಟ್ಟಲೆ ಹೀಗೆ ದುಡಿದು ಅದು ಹಿಗ್ಗಿ, ಸೋಲುತ್ತದೆ. ರಕ್ತ ಹಿಂದೆ ನಿಂತು ಕಾಲಿನಲ್ಲಿ ನೀರು ಇಳಿಯುತ್ತದೆ. ಪದ್ಮಾವತಿಯವರು ದೆಹಲಿಯಲ್ಲಿ ಕಂಡ ಕಾಯಿಲೆ ಇದೇ.

ತೀರಾ ಸಣ್ಣ ಕಣಗಳಲ್ಲಿ ಕೆಲವು ರಕ್ತಕ್ಕೂ ಇಳಿಯುತ್ತವೆ. ರಕ್ತ ಗಟ್ಟಿಯಾಗಿ ಹೆಪ್ಪುಗಟ್ಟುವುದು ಸುಲಭವಾಗುತ್ತದೆ. ರಕ್ತದೊತ್ತಡ ಏರುತ್ತದೆ. ಹೃದಯಾಘಾತ, ಲಕ್ವ ಇವೆಲ್ಲ ಹೊಗೆಯ ಜೊತೆ ನಂಟು ಇರುವ ಕಾಯಿಲೆಗಳು. ಹೊಗೆ ಅಂದರೆ ಕೆಮ್ಮು ಮಾತ್ರ ಅಂತ ತಿಳಿಯಬೇಡಿ. ಒಲೆ ಮುಂದೆ ಕೂತವರಿಗೆ ಕಣ್ಣಿನ ಪೊರೆ ಬೇಗ ಬರುವುದನ್ನೂ ಕಂಡಿದ್ದಾರೆ.

ಬಸುರಿ ಹೆಂಗಸು ಹೊಗೆಯಲ್ಲಿ ಕೂತರೆ ಹೊಟ್ಟೆಯ ಮಗುವಿಗೂ ಪಾಲು ಹೋಗುತ್ತದೆ. ಹೊಗೆಯಲ್ಲಿ ಕಣಗಳ ಜೊತೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ಅನಿಲವೂ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಇದು ಕೂತುಬಿಡುತ್ತದೆ. ಮಗುವಿಗೆ ಆಮ್ಲಜನಕ ಕಡಿಮೆಯಾಗಿ ತೂಕ ಕಡಿಮೆ ಹುಟ್ಟುತ್ತದೆ. (ಬಾಣಂತಿ ಕೋಣೆಯ ಕಿಟಕಿ ಬಾಗಿಲು ಮುಚ್ಚಿ ಒಳಗೆ ಕೆಂಡದ ಅಗ್ಗಿಷ್ಟಿಕೆ ಇಡುವುದು ಈ ಅನಿಲದಿಂದಲೇ ಅಪಾಯ. ಹಿರಿಯರು ಬೇಜಾರು ಮಾಡಿಕೊಂಡರೂ ಹೇಳಲೇಬೇಕು.)

ಹುಟ್ಟಿದ ಮೇಲೆ ಮಗು ಎಲ್ಲಿರುತ್ತದೆ? ತಾಯಿಯ ಸೊಂಟದಲ್ಲಿ, ಬೆನ್ನಿನಲ್ಲಿ, ಒಲೆಯ ಪಕ್ಕದ ಚಾಪೆಯಲ್ಲಿ. ಮಗು ನಮಗಿಂತ ಬೇಗ ಬೇಗ ಉಸಿರಾಡುತ್ತದೆ. ಅದರ ಶ್ವಾಸಕೋಶ ಇನ್ನೂ ಬೆಳೆಯುತ್ತಿದೆ. ಹೊಗೆ ಕುಡಿದ ಮಕ್ಕಳಿಗೆ ನ್ಯುಮೋನಿಯ ಹೆಚ್ಚು. ಇದನ್ನು ಗುರುತಿಸುವುದು ನಿಮಗೆ ಗೊತ್ತಿರಲಿ. ಮಗು ಅಳದೆ ಇರುವಾಗ ಅಂಗಿ ಎತ್ತಿ ಹೊಟ್ಟೆ ನೋಡಿ. ಗಡಿಯಾರ ಇಟ್ಟುಕೊಂಡು ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಕೆಮ್ಮಿನ ಜೊತೆ ಉಸಿರು ಇಷ್ಟು ಅಥವಾ ಇದಕ್ಕಿಂತ ಹೆಚ್ಚಿದ್ದರೆ ತಡ ಮಾಡಬೇಡಿ. ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೆಳೆದರಂತೂ ಅದೇ ಗಳಿಗೆ ಆಸ್ಪತ್ರೆಗೆ ಹೊರಡಿ. ಎಣಿಸಲು ಕಲಿತದ್ದು ಸಂತೆ ಲೆಕ್ಕಕ್ಕೆ ಮಾತ್ರವಲ್ಲ ಅಂತ ಇಲ್ಲಿ ಗೊತ್ತಾಗುತ್ತದೆ.

ಎಷ್ಟು ಹೊಗೆ ಅಂದರೆ ಹೆಚ್ಚು? ಇದಕ್ಕೂ ಅಳತೆ ಇದೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಪೆಟ್ಟಿಗೆ ಅಂದುಕೊಳ್ಳಿ. ಅದರ ತುಂಬ ಗಾಳಿ. ಆ ಗಾಳಿಯಲ್ಲಿ ಎಷ್ಟು ಮೈಕ್ರೊಗ್ರಾಂ ಸಣ್ಣ ಕಣ ಇದೆ ಅಂತ ತೂಗುತ್ತಾರೆ. ಒಂದು ಗ್ರಾಂ ಸಕ್ಕರೆಯನ್ನು 10 ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೊಗ್ರಾಂ. ದಿನಕ್ಕೆ 15ರ ಒಳಗಿರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದಲ್ಲಿ 2009ರಲ್ಲಿ ಹಾಕಿದ ಮಿತಿ 60. ಸೌದೆ ಒಲೆ ಉರಿಯುವ ಮುಚ್ಚಿದ ಅಡುಗೆಮನೆಯಲ್ಲಿ ಇದು ನೂರಾರು, ಕೆಲವು ಸಲ ಸಾವಿರವನ್ನೂ ದಾಟುತ್ತದೆ. ದೆಹಲಿಯ ಚಳಿಗಾಲದ ಹೊಗೆಯನ್ನು ಟಿವಿಯಲ್ಲಿ ತೋರಿಸುತ್ತಾರೆ. ನಮ್ಮ ಅಡುಗೆಮನೆಗೆ ಯಾವ ಟಿವಿಯವರೂ ಬರುವುದಿಲ್ಲ.

ಅಳೆಯುವವರು ಮಾತ್ರ ಒಬ್ಬರು ಬಂದಿದ್ದರು. 1980ರ ದಶಕದ ಆರಂಭದಲ್ಲಿ ಕಿರ್ಕ್ ಸ್ಮಿತ್ ಅನ್ನುವ ಅಮೆರಿಕದ ವಿಜ್ಞಾನಿ ಮತ್ತು ಅವರ ಜೊತೆಗಾರರು ಗುಜರಾತಿನ ಹಳ್ಳಿಗಳಿಗೆ ಹೋದರು. ಅಡುಗೆ ಮಾಡುವ ಹೆಂಗಸರ ಮೈಗೇ ಅಳೆಯುವ ಉಪಕರಣ ಕಟ್ಟಿದರು. ಸಿಕ್ಕ ಲೆಕ್ಕ ನೋಡಿ ಅವರೇ ಬೆರಗಾಗುವಷ್ಟು ಹೊಗೆ ಇತ್ತು. ಆಮೇಲೆ ಪ್ರಪಂಚದ ಬೇರೆ ಬೇರೆ ಕಡೆ ಲೆಕ್ಕ ಹಾಕಿದರು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ಐದು ವರ್ಷ ತುಂಬದ ಮಕ್ಕಳೇ 2 ಲಕ್ಷಕ್ಕೂ ಹೆಚ್ಚು.

ಹಾಗಾದರೆ ಏನು ಮಾಡೋಣ? ಅಡುಗೆ ಬಿಡಲು ಆಗುತ್ತದೆಯೇ?

ಹಸಿ ಸೌದೆ ಒಲೆಗೆ ಇಡಬೇಡಿ. ಹೊಗೆಗೆ ದೊಡ್ಡ ಕಾರಣ ಅದೇ. ಸಣ್ಣಗೆ ಸೀಳಿ, ಮಳೆಗಾಲಕ್ಕೆ ಮೊದಲೇ ಒಣಗಿಸಿ ಅಟ್ಟಕ್ಕೆ ಹಾಕಿ. ಬೆರಣಿ (ಉತ್ತರ ಕರ್ನಾಟಕದ ಅಕ್ಕಂದಿರು ಕುಳ್ಳು ಅನ್ನುತ್ತಾರೆ) ಸೌದೆಗಿಂತ ಹೆಚ್ಚು ಹೊಗೆ ಕೊಡುತ್ತದೆ. ಅದು ಗೊಬ್ಬರಕ್ಕೇ ಹೋಗಲಿ. ಪ್ಲಾಸ್ಟಿಕ್ ಕವರು ಹಾಕಿ ಒಲೆ ಹಚ್ಚುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ, ಅದು ವಿಷದ ಹೊಗೆ. ಕಾಳು ರಾತ್ರಿಯೇ ನೆನೆಸಿದರೆ, ಪಾತ್ರೆಗೆ ಮುಚ್ಚಳ ಮುಚ್ಚಿದರೆ, ಒಲೆ ಉರಿಯುವ ಹೊತ್ತು ಕಡಿಮೆ ಆಗುತ್ತದೆ. ಒಲೆಯ ಮೇಲ್ಗಡೆ ಎರಡು ಹೆಂಚು ತೆಗೆಸಿ ಹೊಗೆ ಹೋಗಲು ದಾರಿ ಮಾಡಿಸಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ಅಸ್ತ್ರ ಒಲೆ ಮಾಡಿದರು. ಮೂರು ಪಾತ್ರೆ ಒಟ್ಟಿಗೆ ಇಡಬಹುದು. ಸೌದೆ ಉಳಿಯುತ್ತದೆ. ಹೊಗೆ ಕೊಳವೆಯಲ್ಲಿ ಮೇಲೆ ಹೋಗುತ್ತದೆ. ನಮ್ಮ ರಾಜ್ಯದ ಎಷ್ಟೋ ಹಳ್ಳಿಗಳಲ್ಲಿ ಇದನ್ನು ಕಟ್ಟಿಸಿದರು. ಕೊಳವೆಯ ಮಸಿ ತೆಗೆಯದೆ ಕಟ್ಟಿಕೊಂಡು, ಬಾಯಿ ಒಡೆದು, ಹಾಳಾದವೂ ಬಹಳ. ಕಟ್ಟಿಕೊಟ್ಟು ಹೋದವರು ತಿರುಗಿ ನೋಡದಿದ್ದರೆ ಒಲೆ ಉಳಿಯುವುದಿಲ್ಲ. ನಿಮ್ಮ ಮನೆಯಲ್ಲಿ ಕೊಳವೆ ಒಲೆ ಇದ್ದರೆ ತಿಂಗಳಿಗೊಮ್ಮೆ ಮಸಿ ತೆಗೆಯಿರಿ. ಆದರೂ ಒಂದು ಮಾತು ನೆನಪಿರಲಿ: ಕೊಳವೆ ಹೊಗೆಯನ್ನು ಹೊರಗೆ ಕಳಿಸುತ್ತದೆ, ಇಲ್ಲದಂತೆ ಮಾಡುವುದಿಲ್ಲ. ಪಕ್ಕದ ಮನೆಯ ಕಿಟಕಿ ಎಲ್ಲಿದೆ ನೋಡಿಕೊಂಡು ಕೊಳವೆ ಎತ್ತರಿಸಿ.

ಎಲ್ಲಕ್ಕಿಂತ ಒಳ್ಳೆಯದು ಗ್ಯಾಸ್ ಒಲೆ. 2016ರಲ್ಲಿ ಉಜ್ವಲ ಯೋಜನೆ ಶುರುವಾಗಿ ಬಡ ಮನೆಯ ಹೆಂಗಸರ ಹೆಸರಿನಲ್ಲೇ ಗ್ಯಾಸ್ ಕೊಟ್ಟರು. ಒಳ್ಳೆಯದಾಯಿತು. ಆದರೆ ಸಿಲಿಂಡರ್ ಮುಗಿದ ಮೇಲೆ ಮತ್ತೊಂದು ತರಿಸಲು ದುಡ್ಡು? ಅದಕ್ಕೇ ಎಷ್ಟೋ ಮನೆಗಳಲ್ಲಿ ಗ್ಯಾಸು ಚಹಾಕ್ಕೆ, ನೆಂಟರು ಬಂದಾಗಿನ ಉಪ್ಪಿಟ್ಟಿಗೆ. ದಿನದ ಅನ್ನ, ಮುದ್ದೆ, ರೊಟ್ಟಿ ಸೌದೆ ಒಲೆಗೆ. ಸೌದೆ ಬಿಟ್ಟಿ ಸಿಗುತ್ತದೆ ಅನ್ನುತ್ತಾರೆ ಮನೆಯವರು. ಅದನ್ನು ತರುವ ತಲೆ ಯಾರದು, ಹೊಗೆ ಕುಡಿಯುವ ಎದೆ ಯಾರದು? ಆಸ್ಪತ್ರೆ ಖರ್ಚು, ಕೂಲಿ ತಪ್ಪಿದ ದಿನ, ಇವನ್ನೂ ಒಂದು ಚೀಟಿಯಲ್ಲಿ ಬರೆದು ಸಿಲಿಂಡರಿನ ಬೆಲೆಯ ಪಕ್ಕದಲ್ಲಿ ಇಡಿ. ಮನೆಯವರ ಮುಂದೆ ಓದಿ ಹೇಳಿ.

ಗ್ಯಾಸ್ ಇರುವ ಮನೆಯಲ್ಲೂ ಬಚ್ಚಲ ಹಂಡೆಯ ಒಲೆ ಹಾಗೇ ಇರುತ್ತದೆ. ಬೆಳಗಾದರೆ ಅದರ ಹೊಗೆ ಮನೆಯೆಲ್ಲ ತುಂಬುತ್ತದೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ರಾತ್ರಿ ಸೊಳ್ಳೆಗೆ ಹಚ್ಚುವ ಸುರುಳಿಯೂ ಕಡಿಮೆಯಲ್ಲ. ಒಂದು ಸುರುಳಿ ಪೂರಾ ಉರಿದರೆ ಬರುವ ಸಣ್ಣ ಕಣ 75ಕ್ಕೂ ಹೆಚ್ಚು ಸಿಗರೇಟಿನಷ್ಟು ಅಂತ ಅಳತೆ ಮಾಡಿದವರು ಹೇಳಿದ್ದಾರೆ. ಸೊಳ್ಳೆ ಪರದೆಯೇ ವಾಸಿ.

ನಮ್ಮ ಮನೆಯಲ್ಲಿ ಹಂಡೆ ಒಲೆಯನ್ನು ಹಿತ್ತಲಿಗೆ ಸಾಗಿಸಿದೆವು. ಅತ್ತೆಗೆ ಮೊದಲು ಇಷ್ಟವಿರಲಿಲ್ಲ. ಈಗ ಅವರು ಒಲೆ ಮುಂದೆ ಕೂರುವುದಿಲ್ಲ. ಪೂರ್ತಿ ಗುಣವಾಗಿಲ್ಲ, ಆಗುವುದೂ ಇಲ್ಲ ಅಂದಿದ್ದಾರೆ ಡಾಕ್ಟರು. ಆದರೆ ಹೋದ ಚಳಿಗಾಲ ಮಲಗಿ ನಿದ್ದೆ ಮಾಡಿದರು.

ಮಾಡಿ ನೋಡಿ

ಒಂದೇ ಅಳತೆಯ ಎರಡು ಬಿಳಿ ಬಟ್ಟೆ ತುಂಡು ತೆಗೆದುಕೊಳ್ಳಿ. ಎರಡರ ಮೂಲೆಯಲ್ಲೂ ಪೆನ್ನಿನಿಂದ ನಿಮ್ಮ ಹೆಸರು ಬರೆಯಿರಿ. ಒಂದನ್ನು ಒಲೆಯ ಪಕ್ಕ, ನೀವು ಕೂತಾಗ ನಿಮ್ಮ ಮೂಗು ಎಷ್ಟು ಎತ್ತರಕ್ಕೆ ಬರುತ್ತದೋ ಅಷ್ಟೇ ಎತ್ತರಕ್ಕೆ ಗೋಡೆಗೆ ಕಟ್ಟಿ. ಇನ್ನೊಂದನ್ನು ಹೊರಗೆ ಜಗಲಿಯ ಗೋಡೆಗೆ ಕಟ್ಟಿ. ಎಂಟು ದಿನ ಬಿಡಿ. ಒಂಬತ್ತನೆಯ ದಿನ ಎರಡನ್ನೂ ಕಲಿಕಾ ಕೇಂದ್ರಕ್ಕೆ ತನ್ನಿ. ಎಲ್ಲರ ಬಟ್ಟೆಗಳನ್ನೂ ಸಾಲಾಗಿ ಹಾಸಿ. ಯಾರ ಹೆಸರು ಇನ್ನೂ ಓದಲು ಬರುತ್ತದೆ, ಯಾರದು ಮಸಿಯಲ್ಲಿ ಮುಚ್ಚಿದೆ ನೋಡಿ.