ಒಂದು ಅಂಕದ ನಿಕಾಲಿ

ತಿಂಗಳಿಡೀ ನೇಯ್ದ ಸೀರೆಗಳ ಲೆಕ್ಕವನ್ನೆಲ್ಲ ಅಳಿಸಿಹಾಕಿ, ಕಡೆಯ ಸಂಜೆ ನೇಯ್ದ ಒಂದೇ ಸೀರೆಯನ್ನು ನೋಡಿ ಕೂಲಿ ಕೊಡುವೆನೆಂದು ಮಾಲಿಕನು ಹೇಳಿದರೆ ಬನಹಟ್ಟಿಯ ನೇಕಾರನು ಏನೆಂದಾನು? ಮಗ್ಗದಿಂದ ಎದ್ದು ಹೊರಟೇಬಿಟ್ಟಾನು. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನೇಯ್ದಷ್ಟಕ್ಕೆ ಕೂಲಿ. ಒಂದು ಸೀರೆ ಕೆಟ್ಟರೆ ಆ ಒಂದರ ನಷ್ಟ, ಉಳಿದವುಗಳ ದುಡ್ಡಿಗೆ ಚ್ಯುತಿಯಿಲ್ಲ. ಇದು ನ್ಯಾಯವೆಂದು ಎಲ್ಲರೂ ಒಪ್ಪುವರು. ಆದರೆ ಅದೇ ನೇಕಾರನು ಜಾತ್ರೆಯಲ್ಲಿ ಕುಸ್ತಿಯ ಕಣದ ಸುತ್ತ ಜಾಗ ಹಿಡಿದು ಕುಳಿತನೆಂದರೆ ಅವನ ನ್ಯಾಯವೇ ಬೇರೆ. ಜಮಖಂಡಿ, ಮುಧೋಳದ ಸೀಮೆಯಲ್ಲಿ ‘ನಿಕಾಲಿ ಕುಸ್ತಿ’ ಎಂಬ ಮಾತನ್ನು ಅರಿಯದವರಿಲ್ಲ. ಸಮಬಲವೆಂದು ಇಬ್ಬರ ಕೈಯನ್ನೂ ಮೇಲೆತ್ತಿ ಕಳಿಸುವ ಕುಸ್ತಿಯಲ್ಲ ಅದು. ಒಬ್ಬನ ಬೆನ್ನು ಮಣ್ಣಿಗೆ ತಗಲುವವರೆಗೆ ನಡೆಯತಕ್ಕದ್ದು. ಅಲ್ಲಿ ಪೈಲ್ವಾನನು ಹೋದ ವರ್ಷ ಎಷ್ಟು ಜನರನ್ನು ಕೆಡವಿದ್ದನೆಂದು ಯಾರೂ ಕೇಳುವುದಿಲ್ಲ.

ಕೂಲಿಯ ಲೆಕ್ಕವೊಂದು, ನಿಕಾಲಿಯ ಲೆಕ್ಕವೊಂದು. ಈ ಎರಡನ್ನೂ ಒಂದೇ ಆಟದಲ್ಲಿ ಹೊಲಿದು ಜೋಡಿಸಿರುವುದೇ ಈಗಿನ ವೃತ್ತಿಪರ ಲೀಗ್ ಪಂದ್ಯಾವಳಿಗಳ ವಿಶೇಷ. ಎರಡು ಮೂರು ತಿಂಗಳು ಎಲ್ಲರೂ ಎಲ್ಲರೊಡನೆ ಆಡುವರು. ಅಂಕಗಳು ಒಂದೊಂದಾಗಿ ಪಟ್ಟಿಗೆ ಏರುವುವು. ಆಮೇಲೆ ಮೇಲಿನ ಕೆಲವರನ್ನು ಉಳಿಸಿಕೊಂಡು, ಪಟ್ಟಿಯನ್ನು ಮಡಿಚಿಟ್ಟು, ‘ಇನ್ನು ಸೋತವನು ಮನೆಗೆ’ ಎನ್ನುವರು. ಈ ಎರಡನೆಯ ಅಂಕಕ್ಕೆ ಪ್ಲೇಆಫ್ ಎಂದು ಹೆಸರು. ಹಳ್ಳಿಯ ಹೊನಲು ಬೆಳಕಿನ ಕಬಡ್ಡಿಯಲ್ಲಿ ಈ ತೊಡಕಿರಲಿಲ್ಲ. ಅಲ್ಲಿ ಮೊದಲಿನಿಂದಲೂ ಸೋತವನು ಮನೆಗೇ. ಮೂರು ತಿಂಗಳ ಬೆವರಿಗೆ ಒಂದು ಸಂಜೆ ಉತ್ತರ ಹೇಳಬೇಕಾದ ಸಂಕಟ ಹೊಸದು.

ಆ ಸಂಕಟದ ಪೂರ್ಣ ಸ್ವರೂಪವನ್ನು ತೋರಿಸಿದ ಪಂದ್ಯ ನಡೆದದ್ದು ನಮ್ಮ ರಾಜಧಾನಿಯಲ್ಲಿಯೇ. ನಡೆದದ್ದೇನೋ ಬೆಂಗಳೂರಿನಲ್ಲಿ, ಬೆಂಗಳೂರಿನವನೊಬ್ಬನೂ ಟಿಕೆಟು ಕೊಂಡು ಅದನ್ನು ನೋಡಲಿಲ್ಲ.

ಪ್ರೊ ಕಬಡ್ಡಿ ಲೀಗ್ 2014ರ ಜುಲೈನಲ್ಲಿ 8 ತಂಡಗಳೊಡನೆ ಆರಂಭವಾಯಿತು. 2017ರಲ್ಲಿ ತಂಡಗಳು 12 ಆದವು. 2020ರಲ್ಲಿ ಕೊರೋನಾ ಬಂದು ಬನಹಟ್ಟಿಯ ಮಗ್ಗಗಳನ್ನು ನಿಲ್ಲಿಸಿದಂತೆ ಕಬಡ್ಡಿಯನ್ನೂ ನಿಲ್ಲಿಸಿತು. ಆ ವರ್ಷ ಲೀಗ್ ನಡೆಯಲೇ ಇಲ್ಲ. ಎಂಟನೆಯ ಆವೃತ್ತಿ ಕಡೆಗೂ 2021ರ ಡಿಸೆಂಬರ್ 22ರಂದು ಆರಂಭವಾದಾಗ, ಊರೂರು ಸುತ್ತುವ ಪದ್ಧತಿಯನ್ನು ಬಿಟ್ಟು, ಹನ್ನೆರಡು ತಂಡಗಳನ್ನೂ ಬೆಂಗಳೂರಿನ ವೈಟ್‌ಫೀಲ್ಡ್‌ನ ಶೆರಟನ್ ಗ್ರ್ಯಾಂಡ್ ಹೋಟೆಲಿನಲ್ಲಿ ಇಳಿಸಿ, ಅಲ್ಲಿಯೇ ಒಂದು ಸಭಾಂಗಣದಲ್ಲಿ ಮ್ಯಾಟ್ ಹಾಸಿ, ಬಾಗಿಲು ಮುಚ್ಚಿಕೊಂಡು ಆಡಿಸಿದರು. ಊಟ, ನಿದ್ರೆ, ಅಭ್ಯಾಸ, ಪಂದ್ಯ ಎಲ್ಲವೂ ಒಂದೇ ಸೂರಿನ ಕೆಳಗೆ. ಪ್ರೇಕ್ಷಕರೆಂಬವರಿಲ್ಲ. ‘ಕಬಡ್ಡಿ ಕಬಡ್ಡಿ’ ಎಂಬ ಉಸಿರಿನ ಸದ್ದು ಗೋಡೆಗೆ ಬಡಿದು ಹಿಂದಿರುಗುತ್ತಿತ್ತು. ವೈಟ್‌ಫೀಲ್ಡ್‌ನ ಮನೆಯಾತನಿಗೂ ಬನಹಟ್ಟಿಯ ಮನೆಯಾತನಿಗೂ ಆ ಆಟ ಒಂದೇ ದೂರದಲ್ಲಿತ್ತು: ಇಬ್ಬರಿಗೂ ಟೆಲಿವಿಷನ್ನಿನ ಪರದೆಯೇ ಗತಿ.

ಪ್ರತಿ ತಂಡಕ್ಕೂ 22 ಪಂದ್ಯಗಳು, ಒಟ್ಟು 132. ಗೆದ್ದರೆ 5 ಅಂಕ, ಸಮವಾದರೆ 3. ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಿಂದ ಸೋತರೆ, ಹೋರಾಟದ ಗೌರವವೆಂದು ಸೋತವರಿಗೂ 1 ಅಂಕ. ಈ ಕಡೆಯ ನಿಯಮವನ್ನು ವಾಚಕರು ನೆನಪಿನಲ್ಲಿಡಬೇಕು. ಎರಡು ತಿಂಗಳು ಹೀಗೆ ಕೂಡಿ ಕಳೆದು ನೋಡಿದಾಗ ಪಟ್ನಾ ಪೈರೇಟ್ಸ್ 86 ಅಂಕಗಳೊಡನೆ ಮೇಲಿತ್ತು. ಎರಡನೆಯದು ದಬಂಗ್ ಡೆಲ್ಲಿ, 75. ಹನ್ನೊಂದು ಅಂಕಗಳ ಅಂತರವೆಂದರೆ ಎರಡು ಪೂರ್ಣ ಗೆಲುವುಗಳಿಗಿಂತ ಹೆಚ್ಚು. ಕೂಲಿಯ ಲೆಕ್ಕದಲ್ಲಿ ಇಲ್ಲಿಗೆ ಮಾತು ಮುಗಿಯಬೇಕು.

ಆ ಪಟ್ನಾ ತಂಡದ ನಾಯಕ ಯಾರು? ಗಂಗಾತೀರದವರಲ್ಲ, ದಕ್ಷಿಣ ಕನ್ನಡದ ಪ್ರಶಾಂತ್ ಕುಮಾರ್ ರೈ. ಮಣ್ಣಿನ ಅಂಕಣದಲ್ಲಿ ರಾತ್ರಿಯಿಡೀ ಕಬಡ್ಡಿ ನಡೆಯುವ ಕರಾವಳಿಯಿಂದ ಬಂದವರು. ಕನ್ನಡಿಗನೊಬ್ಬ, ಬಿಹಾರದ ತಂಡಕ್ಕೆ ನಾಯಕನಾಗಿ, ತನ್ನ ನಾಡಿನ ರಾಜಧಾನಿಯಲ್ಲಿ ಪ್ರಶಸ್ತಿಯ ಹೊಸ್ತಿಲಿಗೆ ಬಂದು ನಿಂತಿದ್ದರು. ಬೇರೆ ಯಾವ ವರ್ಷವಾಗಿದ್ದರೂ ಕಂಠೀರವ ಕ್ರೀಡಾಂಗಣದಲ್ಲಿ ಕರಾವಳಿಯ ಬಸ್ಸುಗಳು ಬಂದು ನಿಲ್ಲುತ್ತಿದ್ದವೋ ಏನೋ. ಆ ವರ್ಷ ಕುರ್ಚಿಗಳೇ ಇರಲಿಲ್ಲ.

ಪ್ಲೇಆಫಿನ ಕ್ರಮ ಸರಳವಾಗಿತ್ತು. ಮೊದಲಿನ ಇಬ್ಬರು ನೇರವಾಗಿ ಸೆಮಿಫೈನಲಿಗೆ. ಮೂರರಿಂದ ಆರರವರೆಗಿನವರು ಎಲಿಮಿನೇಟರ್ ಎಂಬ ಸೋಸುವ ಪಂದ್ಯಗಳಿಗೆ. ಐದನೆಯದಾಗಿದ್ದ ಬೆಂಗಳೂರು ಬುಲ್ಸ್ ಗುಜರಾತನ್ನು 49-29ರಿಂದ ಬಡಿದು ಮೇಲೆ ಬಂದು, ಸೆಮಿಫೈನಲಿನಲ್ಲಿ ಡೆಲ್ಲಿಗೆ 35-40ರಿಂದ ಮಣಿಯಿತು. ಪಟ್ನಾ ತಂಡವು ಯು.ಪಿ. ಯೋಧಾವನ್ನು 38-27ರಿಂದ ಸೋಲಿಸಿ ಪಟ್ಟಿಯ ಹಿರಿಮೆಯನ್ನು ಉಳಿಸಿಕೊಂಡಿತು. 2022ರ ಫೆಬ್ರವರಿ 25ರಂದು ಪಟ್ನಾ ಮತ್ತು ಡೆಲ್ಲಿ ಎದುರೆದುರಾದವು.

ಮಧ್ಯಂತರದ ವೇಳೆಗೆ ಪಟ್ನಾ 17-15ರಿಂದ ಮುಂದಿತ್ತು. ಆದರೆ ಡೆಲ್ಲಿಯ ಕಡೆ ನವೀನ್ ಕುಮಾರ್ ಇದ್ದರು. ಮೊಣಕಾಲಿನ ನೋವಿನಿಂದ ಲೀಗಿನ ಹಲವು ಪಂದ್ಯಗಳನ್ನು ಅವರು ಹೊರಗೆ ಕುಳಿತೇ ನೋಡಿದ್ದರು. ಅವರಿಲ್ಲದ ದಿನಗಳಲ್ಲಿ ಡೆಲ್ಲಿ ಕಳೆದುಕೊಂಡ ಅಂಕಗಳೂ ಆ ಹನ್ನೊಂದರ ಅಂತರದಲ್ಲಿ ಸೇರಿದ್ದವು. ಈಗ ಅವರು ಹಿಂದಿರುಗಿದ್ದರು. ನವೀನ್ 13 ಅಂಕ ತಂದರು. ಜೊತೆಗಾರ ವಿಜಯ್ ಮಲಿಕ್ 14. ನಲವತ್ತು ನಿಮಿಷಗಳ ಆಟ ಮುಗಿದಾಗ ಫಲಕದ ಮೇಲೆ 37-36. ಗೆದ್ದದ್ದು ಡೆಲ್ಲಿ.

ಒಂದು ಅಂಕ! ಲೀಗಿನ ದಿನಗಳಲ್ಲಾಗಿದ್ದರೆ ಒಂದಂಕದ ಸೋಲಿಗೂ ಒಂದು ಅಂಕದ ಸಮಾಧಾನ ಉಂಟಾಗುತ್ತಿತ್ತು. ಆ ರಾತ್ರಿ ಅದೂ ಇಲ್ಲ. ವಿಜಯಿಗಳಿಗೆ 3 ಕೋಟಿ ರೂಪಾಯಿ, ಎರಡನೆಯವರಿಗೆ 1 ಕೋಟಿ 80 ಲಕ್ಷ. ಆ ಒಂದು ಅಂಕದ ಬೆಲೆ 1 ಕೋಟಿ 20 ಲಕ್ಷ ರೂಪಾಯಿ ಎಂದಾಯಿತು. ದುಡ್ಡಿನ ಮಾತು ಹಾಗಿರಲಿ. 86 ಅಂಕಗಳ ಪಟ್ಟಿಯನ್ನು ಇಂದು ಯಾರು ನೆನೆಯುತ್ತಾರೆ? ಎಂಟನೆಯ ಆವೃತ್ತಿಯ ಮುಂದೆ ದಾಖಲೆಯಲ್ಲಿ ಒಂದೇ ಹೆಸರಿದೆ.

ಇದು ಅನ್ಯಾಯವೆ? ಹೌದೆನ್ನುವವರ ವಾದ ಬಲವಾಗಿಯೇ ಇದೆ. ಯಾರು ಉತ್ತಮರೆಂಬುದನ್ನು ಇಪ್ಪತ್ತೆರಡು ಪಂದ್ಯಗಳು ಹೇಳಿದಷ್ಟು ನಿಚ್ಚಳವಾಗಿ ಒಂದು ಪಂದ್ಯ ಹೇಳಲಾರದು. ಒಂದು ಸಂಜೆಯಲ್ಲಿ ಪಾದ ಜಾರಬಹುದು, ಪಂಚರ ಕಣ್ಣು ತಪ್ಪಬಹುದು. ಆದರೆ ನವೀನರ ಮೊಣಕಾಲು ಇನ್ನೊಂದು ಮಾತನ್ನು ಹೇಳುತ್ತದೆ. ಪಟ್ಟಿಯೂ ಪೂರ್ಣ ಸತ್ಯವಲ್ಲ. ಯಾರು ಯಾವಾಗ ಗಾಯಗೊಂಡಿದ್ದರು, ಯಾವ ತಂಡ ಯಾವ ವಾರ ಬಳಲಿತ್ತು ಎಂಬುದೆಲ್ಲ ಅದರಲ್ಲಿ ಅಡಗಿರುತ್ತದೆ. ಎಲ್ಲರೂ ಎದ್ದುನಿಂತಿರುವಾಗ, ಎಲ್ಲರಿಗೂ ಇದೇ ಕಡೆಯ ಆಟವೆಂದು ಗೊತ್ತಿರುವಾಗ ಯಾರು ಗೆಲ್ಲುವರು ಎಂಬುದು ಬೇರೆಯೇ ಪ್ರಶ್ನೆ. ಎರಡು ಪ್ರಶ್ನೆಗಳನ್ನು ಕೇಳಿ ಬಹುಮಾನವನ್ನೆಲ್ಲ ಎರಡನೆಯ ಉತ್ತರಕ್ಕೇ ಕೊಡುವುದಷ್ಟೇ ಇಲ್ಲಿಯ ಕೊರತೆ. ಪಟ್ಟಿಯ ಮೊದಲಿಗನಿಗೂ ಹೆಸರಿಸತಕ್ಕ ಒಂದು ಪ್ರಶಸ್ತಿಯನ್ನಿಟ್ಟರೆ ಯಾರ ಗಂಟೂ ಹೋಗಲಾರದು.

ಬೆಂಗಳೂರು ಬುಲ್ಸ್ ತಂಡಕ್ಕೆ ಮಾತ್ರ ನಿಕಾಲಿಯ ಮೇಲೆ ದೂರು ಹೇಳುವ ಹಕ್ಕಿಲ್ಲ. 2015ರ ಫೈನಲಿನಲ್ಲಿ ಯು ಮುಂಬಾ ಎದುರು 30-36ರಿಂದ ಸೋತಿದ್ದ ಈ ತಂಡ, ಆರನೆಯ ಆವೃತ್ತಿಯಲ್ಲಿ ಮತ್ತೆ ಕಡೆಯ ಮೆಟ್ಟಿಲೇರಿತು. ವಿಚಿತ್ರವೆಂದರೆ ಆ ಋತುವಿನ ‘ತವರಿನ’ ಪಂದ್ಯಗಳನ್ನು ಬುಲ್ಸ್ ಆಡಿದ್ದು ಪುಣೆಯಲ್ಲಿ! 2019ರ ಜನವರಿ 5ರಂದು ಮುಂಬಯಿಯಲ್ಲಿ ಗುಜರಾತ್ ಎದುರು ನಡೆದ ಫೈನಲಿನ ಮೊದಲರ್ಧ ಮುಗಿದಾಗ 9-16ರ ಹಿನ್ನಡೆ. ಕನ್ನಡ ನಾಡಿನ ಮನೆಗಳಲ್ಲಿ ಎಷ್ಟು ಟೆಲಿವಿಷನ್ನುಗಳು ಆಗ ಆರಿದ್ದವೋ! ಆರಿಸಿದವರು ಕೆಟ್ಟರು. ಪವನ್ ಸೆಹ್ರಾವತ್ ಎಂಬ ದಿಲ್ಲಿಯ ಕಡೆಯ ಹುಡುಗ, ಹಿಂದಿನ ಋತುವಿನಲ್ಲಿ ಇದೇ ಗುಜರಾತ್ ತಂಡದಲ್ಲಿದ್ದು ಹೆಚ್ಚು ಅವಕಾಶ ಕಾಣದೆ ಹಿಂದಿರುಗಿದ್ದವನು, ದಾಳಿಯ ಮೇಲೆ ದಾಳಿ ಹೂಡಿ ಒಬ್ಬನೇ 22 ಅಂಕ ತಂದ. 38-33. ಬುಲ್ಸ್ ಗೆದ್ದಿತು. ಆ ತಂಡದ ತರಬೇತಿಯಲ್ಲಿ ರಣಧೀರ್ ಸಿಂಗ್ ಅವರೊಡನೆ ಕರ್ನಾಟಕದ ಬಿ. ಸಿ. ರಮೇಶ್ ಇದ್ದರು, ಇದೇ ರಮೇಶ್ ಮುಂದೆ 2019ರ ಅಕ್ಟೋಬರಿನಲ್ಲಿ ಬಂಗಾಳ ತಂಡವನ್ನೂ 2024ರ ಮಾರ್ಚಿನಲ್ಲಿ ಪುಣೆ ತಂಡವನ್ನೂ ಪ್ರಶಸ್ತಿಗೆ ಕೊಂಡೊಯ್ದರು. ಕನ್ನಡಿಗರು ಎಲ್ಲರ ತಂಡವನ್ನೂ ಗೆಲ್ಲಿಸುತ್ತಾರೆ ಎಂದು ಹೆಮ್ಮೆಪಡುವುದೋ ನಿಟ್ಟುಸಿರು ಬಿಡುವುದೋ ವಾಚಕರೇ ನಿರ್ಧರಿಸಲಿ.

ಈ ನಿಕಾಲಿಯ ಗೀಳು ಮಣ್ಣು ಮ್ಯಾಟುಗಳ ಆಟಕ್ಕೇ ನಿಲ್ಲಲಿಲ್ಲ. ಮಗನ ಕೈಯಿಂದ ಫೋನ್ ಕಸಿದುಕೊಳ್ಳುವ ತಾಯಂದಿರಿಗೆ ರುಚಿಸಲಿಕ್ಕಿಲ್ಲ, ಆದರೆ ಪರದೆಯ ಮೇಲೆ ಆಡುವ ಆಟಗಳಿಗೂ ವೃತ್ತಿಪರ ಲೀಗುಗಳುಂಟು, ಸಂಬಳದ ಆಟಗಾರರುಂಟು, ತರಬೇತುದಾರರುಂಟು. ಇ-ಸ್ಪೋರ್ಟ್ಸ್ ಎಂದು ಅದಕ್ಕೆ ಹೆಸರು. ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ ಇದನ್ನು ಅವುಗಳಿಂದ ಬೇರ್ಪಡಿಸಿ ಕ್ರೀಡೆಯೆಂದೇ ಮನ್ನಿಸಿತು. ಅಮೆರಿಕದಲ್ಲಿ 2018ರಲ್ಲಿ ಆರಂಭವಾದ ಓವರ್‌ವಾಚ್ ಲೀಗ್ ಈ ಬಗೆಯದು: ಊರುಗಳ ಹೆಸರಿನ 12 ತಂಡಗಳು, ತಂಡಕ್ಕೆ 40 ಪಂದ್ಯಗಳು. 34 ಗೆದ್ದು ನ್ಯೂಯಾರ್ಕ್ ತಂಡ ಮೊದಲಿತ್ತು. ಫೈನಲ್ ನಡೆಯಬೇಕಾದದ್ದೂ ಅದೇ ನ್ಯೂಯಾರ್ಕಿನ ಬ್ರೂಕ್ಲಿನ್ ಬಡಾವಣೆಯ ದೊಡ್ಡ ಕ್ರೀಡಾಂಗಣದಲ್ಲಿ. ಆದರೆ ಸೆಮಿಫೈನಲಿನಲ್ಲಿ ಆರನೆಯ ಸ್ಥಾನದ ಫಿಲಡೆಲ್ಫಿಯಾ ನ್ಯೂಯಾರ್ಕನ್ನು ಕೆಡವಿತು. ಜುಲೈ ಕೊನೆಯಲ್ಲಿ ನ್ಯೂಯಾರ್ಕಿನ ಮಂದಿ ಕಿಕ್ಕಿರಿದು ತುಂಬಿ, ತಮ್ಮ ತಂಡವಿಲ್ಲದ ಫೈನಲನ್ನು ನೋಡಿದರು. ಐದನೆಯ ಸ್ಥಾನದ ಲಂಡನ್ ಗೆದ್ದಿತು. ಬೆಂಗಳೂರಿನಲ್ಲಿ ದೇಹದ ಆಟ ಜನರಿಲ್ಲದೆ ಪರದೆಯೊಳಗೆ ಸೇರಿದ್ದರೆ, ಅಲ್ಲಿ ಪರದೆಯ ಆಟ ಜನರನ್ನು ಹುಡುಕಿಕೊಂಡು ಕ್ರೀಡಾಂಗಣಕ್ಕೆ ಬಂದಿತ್ತು.

ಅದೇ ಲೀಗಿನ ಶಾಂಘೈ ತಂಡದ ಕಥೆಯನ್ನೂ ಹೇಳದೆ ಬಿಡಲಾಗದು. ಮೊದಲ ಋತುವಿನ 40 ಪಂದ್ಯಗಳಲ್ಲಿ 40ನ್ನೂ ಅದು ಸೋತಿತು. ಒಂದೂ ಬಿಡದೆ! 2021ರಲ್ಲಿ ಅದೇ ಶಾಂಘೈ ಅಟ್ಲಾಂಟಾ ತಂಡವನ್ನು 4-0ರಿಂದ ಸೋಲಿಸಿ ಪ್ರಶಸ್ತಿ ಗಳಿಸಿತು. ಇಷ್ಟೆಲ್ಲ ರಸವಿದ್ದ ಲೀಗ್ ಬಾಳಿದ್ದು ಆರೇ ಋತು. 2023ರ ಪಂದ್ಯಗಳೊಡನೆ ಅದು ಮುಚ್ಚಿಹೋಯಿತು. ಕಬಡ್ಡಿಯ ಆಟಗಾರನಿಗೆ ಲೀಗ್ ಮುಚ್ಚಿದರೂ ಕಬಡ್ಡಿ ಉಳಿಯುತ್ತದೆ, ಊರಿನ ಅಂಕಣ ಉಳಿಯುತ್ತದೆ. ಆ ಹುಡುಗರ ಆಟಕ್ಕೆ ಕಂಪನಿಯೇ ಒಡೆಯ, ಕಂಪನಿಯೇ ಅಂಕಣ. ಮಕ್ಕಳ ಭವಿಷ್ಯವನ್ನು ಯೋಚಿಸುವ ತಂದೆತಾಯಿಗಳು ಫೋನಿಗಿಂತ ಹೆಚ್ಚಾಗಿ ಅಂಜಬೇಕಾದದ್ದು ಇದಕ್ಕೆ.

ಕಬಡ್ಡಿಯ ಪಟ್ಟಿಗೂ ನಿಕಾಲಿಗೂ ಸದಾ ವೈರವೆಂದು ತಿಳಿಯಬೇಕಾಗಿಲ್ಲ. ಬೆಂಗಳೂರಿನ ಆ ರಾತ್ರಿಯ ನಂತರದ ಮೂರು ಆವೃತ್ತಿಗಳಲ್ಲಿ ಪಟ್ಟಿಯ ಮೊದಲಿಗರೇ ಫೈನಲನ್ನೂ ಗೆದ್ದರು: 2022ರ ಡಿಸೆಂಬರಿನಲ್ಲಿ ಜೈಪುರ, 2024ರ ಮಾರ್ಚಿನಲ್ಲಿ ಪುಣೆ, ಅದೇ ವರ್ಷದ ಕೊನೆಗೆ ಹರಿಯಾಣ. 2025ರ ಅಕ್ಟೋಬರ್ 31ರಂದು ಮತ್ತೆ ತಕ್ಕಡಿ ಆಚೆಗೆ ವಾಲಿತು. ಪಟ್ಟಿಯಲ್ಲಿ ಮೇಲಿದ್ದ ಪುಣೆಯನ್ನು ಡೆಲ್ಲಿ 31-28ರಿಂದ ಸೋಲಿಸಿತು.

ಈ ಆಟದಲ್ಲಿ ಕಡೆಯ ಸಂಜೆಯ ಕಹಿಯನ್ನು ಮನಪ್ರೀತ್ ಸಿಂಗ್ ಅವರಷ್ಟು ಉಂಡವರು ಇನ್ನೊಬ್ಬರಿರಲಾರರು. 2017ರಲ್ಲಿ ಅವರ ತರಬೇತಿಯ ಗುಜರಾತ್ ತಂಡ, ಮತ್ತೊಬ್ಬ ಕನ್ನಡಿಗ ಸುಕೇಶ್ ಹೆಗ್ಡೆಯವರ ನಾಯಕತ್ವದಲ್ಲಿ, ಫೈನಲಿಗೆ ಬಂದು ಪಟ್ನಾ ಎದುರು 38-55ರಿಂದ ಸೋತಿತು. ಮರು ಆವೃತ್ತಿಯಲ್ಲಿ ಪವನನ ಕೈಯಲ್ಲಿ ಸೋಲು. ಹರಿಯಾಣಕ್ಕೆ ಹೋದ ಮೇಲೂ ವಿಧಿ ಬೆನ್ನುಬಿಡಲಿಲ್ಲ. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಪುಣೆ ಎದುರು 25-28. ಹತ್ತು ತಿಂಗಳೊಳಗೆ ಅವರು ಮತ್ತೊಂದು ಫೈನಲಿಗೆ ಬಂದರು. 2024ರ ಡಿಸೆಂಬರ್ 29ರಂದು ಪುಣೆಯಲ್ಲಿ ನಡೆದ ಆ ಪಂದ್ಯವನ್ನು ಹರಿಯಾಣ 32-23ರಿಂದ ಗೆದ್ದಿತು. ಸೋತ ಎದುರಾಳಿ, ಅವರೇ ನಾಯಕರಾಗಿ ನಿಂತು 2016ರಲ್ಲಿ ಮೊದಲ ಪ್ರಶಸ್ತಿಯನ್ನು ಗೆದ್ದುಕೊಟ್ಟಿದ್ದ ಪಟ್ನಾ.