ಮೇಲಂತಸ್ತು ಸೇರ್ಪಡೆ

ಮೇಲಂತಸ್ತು ಸೇರ್ಪಡೆ ಎಂದರೆ ಈಗಾಗಲೇ ವಾಸಕ್ಕಿರುವ ಒಂದಂತಸ್ತಿನ ಮನೆಯ ಮೇಲೆ ಮತ್ತೊಂದು ಅಂತಸ್ತನ್ನು ಕಟ್ಟುವ ಕಾಮಗಾರಿ. ಆಡುಮಾತಿನಲ್ಲಿ ಇದನ್ನು ‘ಮಹಡಿ ಎತ್ತುವುದು’, ‘ಮೇಲೆ ಮನೆ ಕಟ್ಟುವುದು’ ಎನ್ನುತ್ತಾರೆ. ಹೊಸ ಮನೆಯ ನಿರ್ಮಾಣದಲ್ಲಿ ಅಡಿಪಾಯವನ್ನು ಮೇಲಿನ ಭಾರಕ್ಕೆ ತಕ್ಕಂತೆ ಹಾಕಬಹುದು. ಇಲ್ಲಿ ಹಾಗಲ್ಲ, ಅಡಿಪಾಯ, ಗೋಡೆ, ಕಂಬಗಳು ಕಡಿಮೆ ಭಾರಕ್ಕೆಂದು ಹಿಂದೆಯೇ ನಿರ್ಮಾಣವಾಗಿ, ಮಣ್ಣಿನಲ್ಲಿಯೂ ಗಾರೆಯಲ್ಲಿಯೂ ಮರೆಯಾಗಿರುತ್ತವೆ. ಆದ್ದರಿಂದ ಮೇಲೆ ಏನು ಕಟ್ಟಬೇಕು ಎಂಬುದಕ್ಕಿಂತ ಕೆಳಗೆ ಏನಿದೆ ಎಂಬ ಪ್ರಶ್ನೆ ಮೊದಲು ಬರುತ್ತದೆ. ಎರೆಮಣ್ಣಿನ ಸೀಮೆಗಳಲ್ಲಿ, ಉದಾಹರಣೆಗೆ ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ಜಿಲ್ಲೆಯಲ್ಲಿ, ಈ ಪ್ರಶ್ನೆ ಇನ್ನಷ್ಟು ಗಂಭೀರವಾದುದು.

ಹೆಸರು

‘ಬಂಗಲೆ’ ಎಂಬ ಪದವು ಬಂಗಾಳದ ಹೆಸರಿನಿಂದ ಬಂದಿದೆ. ಬಂಗಾಳದ ಶೈಲಿಯ, ಜಗಲಿಯುಳ್ಳ ಒಂದಂತಸ್ತಿನ ಮನೆಯನ್ನು ಅದು ಮೊದಲು ಸೂಚಿಸುತ್ತಿತ್ತು. ಇಂಗ್ಲಿಷಿನಲ್ಲಿ ಇಂದಿಗೂ ಸಾಮಾನ್ಯವಾಗಿ ಅದೇ ಅರ್ಥವಿದೆ. ಕನ್ನಡದಲ್ಲಿ ಮಾತ್ರ ಬಂಗಲೆ ಎಂದರೆ ದೊಡ್ಡ ಮನೆ, ಹಲವು ಸಲ ಮಹಡಿಯಿರುವ ಮನೆ. ಕನ್ನಡದ ‘ಮಾಳಿಗೆ’, ‘ಉಪ್ಪರಿಗೆ’, ‘ಮಹಡಿ’ ಪದಗಳ ಅರ್ಥವೂ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಾಳಿಗೆ ಎಂದರೆ ಮಟ್ಟಸವಾದ ಮಣ್ಣಿನ ಚಾವಣಿ. ಅದರ ಮೇಲೆ ಇನ್ನೊಂದು ಅಂತಸ್ತು ಇರಲೇಬೇಕೆಂದಿಲ್ಲ.

ಹಿನ್ನೆಲೆ

ರಾಯಚೂರು ಜಿಲ್ಲೆಯ ಹಳೆಯ ಮನೆಗಳಲ್ಲಿ ಕಲ್ಲು ಮತ್ತು ಮಣ್ಣಿನ ದಪ್ಪ ಗೋಡೆಗಳು, ಮರದ ಕಂಬ, ತೊಲೆ, ಜಂತಿಗಳು, ಅವುಗಳ ಮೇಲೆ ಹಲಗೆ ಅಥವಾ ಕಡ್ಡಿಯ ಹಾಸು, ಅದರ ಮೇಲೆ ಗಟ್ಟಿಯಾಗಿ ತುಳಿದ ಮಣ್ಣಿನ ಮಾಳಿಗೆ ಕಂಡುಬರುತ್ತವೆ. ಸುಡುಬೇಸಿಗೆಯಲ್ಲಿ ಇಂತಹ ಮನೆ ತಂಪಾಗಿರುತ್ತದೆ. ಆದರೆ ಮಾಳಿಗೆಯ ಮಣ್ಣು ಬಲು ಭಾರ. ನಿರಂತರ ಮಳೆಯಲ್ಲಿ ನೆನೆದರೆ ಇನ್ನೂ ಭಾರವಾಗುತ್ತದೆ. ಗೋಡೆಯ ಕಲ್ಲುಗಳನ್ನು ಹಿಡಿದಿರುವ ಮಣ್ಣೂ ಅದೇ ಹೊತ್ತಿಗೆ ಮೆತ್ತಗಾಗುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದ ಅತಿವೃಷ್ಟಿಯಲ್ಲಿ ಉತ್ತರ ಕರ್ನಾಟಕದಾದ್ಯಂತ ಮಣ್ಣಿನ ಮನೆಗಳು ದೊಡ್ಡ ಸಂಖ್ಯೆಯಲ್ಲಿ ಕುಸಿದವು. ಇಂತಹ ಮನೆಯ ಗೋಡೆಗಳ ಮೇಲೆ ನೇರವಾಗಿ ಇಟ್ಟಿಗೆಯ ಅಂತಸ್ತು ಕಟ್ಟುವುದು ಯಾವ ಸ್ಥಿತಿಯಲ್ಲಿಯೂ ಸಲ್ಲದು.

ದೇವದುರ್ಗ ತಾಲ್ಲೂಕಿನ ಮಸರಕಲ್, ಮಾನ್ವಿ ತಾಲ್ಲೂಕಿನ ಊರುಗಳು ಮತ್ತು ರಾಯಚೂರು ನಗರದ ಹಳೆಯ ಬಡಾವಣೆಗಳಂತಹ ಕಡೆ ಮೇಲಂತಸ್ತಿನ ಬೇಡಿಕೆಗೆ ಕಾರಣಗಳು ಸರಳವಾಗಿವೆ. ಗ್ರಾಮಠಾಣೆಯೊಳಗಿನ ಜಾಗ ಹೆಚ್ಚುವುದಿಲ್ಲ, ಮನೆಯವರ ಸಂಖ್ಯೆ ಹೆಚ್ಚುತ್ತದೆ. ಅಣ್ಣತಮ್ಮಂದಿರು ಪಾಲಾದಾಗ ಹೊಲದಲ್ಲಿ ಮನೆ ಕಟ್ಟುವ ಬದಲು ಇದ್ದ ಮನೆಯ ಮೇಲೆಯೇ ಒಂದು ಸಂಸಾರಕ್ಕೆ ಜಾಗ ಮಾಡಿಕೊಳ್ಳುವುದು ಅಗ್ಗವೆನಿಸುತ್ತದೆ. ವಸತಿ ಯೋಜನೆಗಳ ನೆರವಿನಿಂದ ಕಟ್ಟಿದ ಚಿಕ್ಕ ಮನೆಗಳ ಮೇಲೆಯೂ ಕೆಲವು ವರ್ಷಗಳ ನಂತರ ಇದೇ ಆಸೆ ಹುಟ್ಟುತ್ತದೆ. ಅವುಗಳ ಅಡಿಪಾಯವನ್ನು ಸಾಮಾನ್ಯವಾಗಿ ಒಂದೇ ಅಂತಸ್ತಿಗೆ ಲೆಕ್ಕ ಹಾಕಿರುತ್ತಾರೆ.

ಭಾರದ ಲೆಕ್ಕ

ಮೇಲಂತಸ್ತಿನ ಭಾರ ಎಂದರೆ ಮೇಲಿನ ಚಾವಣಿಯ ಭಾರ ಎಂಬ ಭಾವನೆ ಸಾಮಾನ್ಯ. ವಾಸ್ತವದಲ್ಲಿ ಗೋಡೆಗಳ ಪಾಲೇ ದೊಡ್ಡದು. ಒಂದು ಘನ ಮೀಟರ್ ಕಬ್ಬಿಣ ಸಹಿತ ಕಾಂಕ್ರೀಟು ಸುಮಾರು 2.5 ಟನ್ ತೂಗುತ್ತದೆ, ಇಟ್ಟಿಗೆ ಗೋಡೆ ಸುಮಾರು 2 ಟನ್. 10 ಅಡಿ ಅಗಲ, 12 ಅಡಿ ಉದ್ದದ ಒಂದು ಕೋಣೆಯನ್ನು ತೆಗೆದುಕೊಂಡರೆ, 125 ಮಿಲಿಮೀಟರ್ ದಪ್ಪದ ಚಾವಣಿ ಸುಮಾರು 3.5 ಟನ್ ಆಗುತ್ತದೆ. ಅದೇ ಕೋಣೆಯ ನಾಲ್ಕೂ ಕಡೆ 9 ಇಂಚಿನ ಇಟ್ಟಿಗೆ ಗೋಡೆಯನ್ನು 3 ಮೀಟರ್ ಎತ್ತರಕ್ಕೆ ಕಟ್ಟಿದರೆ, ಬಾಗಿಲು ಕಿಟಕಿಗಳನ್ನು ಕಳೆದ ಮೇಲೂ ಸುಮಾರು 16 ಟನ್. ವಾಸದ ಕೋಣೆಗೆ ಜನ ಮತ್ತು ಸಾಮಾನುಗಳ ಭಾರವೆಂದು ಭಾರತೀಯ ಮಾನಕ ಐಎಸ್ 875 ಪ್ರತಿ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋಗ್ರಾಂ ಹಿಡಿಯುತ್ತದೆ; ಈ ಕೋಣೆಯ ಮಟ್ಟಿಗೆ ಅದು 2.2 ಟನ್. ಗಾರೆ, ನೆಲಹಾಸುಗಳನ್ನು ಬಿಟ್ಟು ಒಟ್ಟು 20 ಟನ್ನಿಗೂ ಹೆಚ್ಚಿನ ಭಾರವು ಒಂದು ಸಣ್ಣ ಕೋಣೆಯಿಂದಲೇ ಕೆಳಗಿಳಿಯುತ್ತದೆ. ಇದರ ಮೇಲೆ 1000 ಲೀಟರಿನ ನೀರಿನ ತೊಟ್ಟಿ ಇಟ್ಟರೆ ಮತ್ತೊಂದು ಟನ್.

ಗೋಡೆಯ ಆಯ್ಕೆಯಿಂದಲೇ ಈ ಭಾರವನ್ನು ಬಹಳವಾಗಿ ಇಳಿಸಬಹುದು. 9 ಇಂಚಿನ ಇಟ್ಟಿಗೆ ಗೋಡೆ ಒಂದು ಮೀಟರ್ ಉದ್ದಕ್ಕೆ ಸುಮಾರು 1.4 ಟನ್ ತೂಗಿದರೆ, 200 ಮಿಲಿಮೀಟರ್ ದಪ್ಪದ ಹಗುರ ಗಾಳಿಗುಳ್ಳೆ ಕಾಂಕ್ರೀಟು ಬ್ಲಾಕಿನ ಗೋಡೆ ಅರ್ಧ ಟನ್ನಿನ ಒಳಗೇ ಇರುತ್ತದೆ. ಹಾರುಬೂದಿ ಇಟ್ಟಿಗೆಯನ್ನು ಹಗುರವೆಂದು ಭಾವಿಸುವುದು ತಪ್ಪು. ಅದರ ತೂಕ ಸುಟ್ಟ ಇಟ್ಟಿಗೆಯ ಆಸುಪಾಸಿನಲ್ಲಿಯೇ ಇರುತ್ತದೆ.

ಕೆಳಗಿನ ಮನೆ ಗೋಡೆಗಳ ಮೇಲೆಯೇ ನಿಂತಿದ್ದರೆ ಮೇಲಿನ ಗೋಡೆಗಳೂ ಕೆಳಗಿನ ಗೋಡೆಗಳ ನೇರಕ್ಕೇ ಬರಬೇಕು. ಕೆಳಗೆ ತೊಲೆಯಿಲ್ಲದ ಕಡೆ, ಚಾವಣಿಯ ನಡುವೆ, ಅನುಕೂಲಕ್ಕೆಂದು ಗೋಡೆ ಎಬ್ಬಿಸುವುದು ಮನೆಗೆಲಸಗಳಲ್ಲಿ ಪದೇಪದೇ ಕಂಡುಬರುವ ದೋಷ.

ಎರೆಮಣ್ಣು ಮತ್ತು ಅಡಿಪಾಯ

ರಾಯಚೂರು ಜಿಲ್ಲೆಯಲ್ಲಿ ಕಪ್ಪು ಎರೆಮಣ್ಣು ಮತ್ತು ಕೆಂಪು ಮಸಾರಿ ಮಣ್ಣು ಎರಡೂ ಇವೆ. ಒಂದೇ ಊರಿನ ಎರಡು ಬದಿಗಳಲ್ಲಿ ಬೇರೆ ಬೇರೆ ಮಣ್ಣು ಸಿಗುವುದುಂಟು. ಎರೆಮಣ್ಣಿನ ಜೇಡಿ ಕಣಗಳು ನೀರು ಹೀರಿ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಹೊಲಗಳು ಬಾಯ್ಬಿಡುವುದು ಈ ಕಾರಣಕ್ಕೆ. ಹೊಲಕ್ಕೆ ಇದರಿಂದ ಕೇಡಿಲ್ಲ, ಮನೆಗೆ ಇದೆ. ವರ್ಷಕ್ಕೊಮ್ಮೆ ಏರಿಳಿಯುವ ನೆಲದ ಮೇಲೆ ಕುಳಿತ ಗೋಡೆಗಳಲ್ಲಿ ಕಿಟಕಿಯ ಮೂಲೆಗಳಿಂದ ಓರೆಯಾಗಿ ಬಿರುಕುಗಳು ಹೊರಡುತ್ತವೆ, ಬಾಗಿಲುಗಳು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತವೆ.

ಇಲ್ಲೊಂದು ವೈಚಿತ್ರ್ಯವಿದೆ. ಉಬ್ಬುವ ಮಣ್ಣು ಹಗುರವಾದ ಕಟ್ಟಡವನ್ನು ಸುಲಭವಾಗಿ ಎತ್ತುತ್ತದೆ. ಭಾರವಾದ ಕಟ್ಟಡ ಅದನ್ನು ಒತ್ತಿ ಹಿಡಿಯಬಲ್ಲದು. ಹಾಗಾಗಿ ಮೇಲಂತಸ್ತು ಕಟ್ಟಿದ ಮೇಲೆ ಹಳೆಯ ಬಿರುಕುಗಳು ಕಡಿಮೆಯಾದವು ಎಂಬ ಮಾತು ಪೂರ್ತಿ ಸುಳ್ಳಾಗಬೇಕಿಲ್ಲ. ಆದರೆ ಅದೇ ಮಣ್ಣು ನೆನೆದಾಗ ಮೆತ್ತಗಾಗಿ, ಭಾರ ಹೊರುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಆಗ ಕಟ್ಟಡ ಕುಸಿಯುವುದು ಮೇಲಿನ ಭಾರದಿಂದಲೇ.

ಅರ್ಧ ಮನೆಯ ಮೇಲೆ ಮಾತ್ರ ಅಂತಸ್ತು ಕಟ್ಟಿ ಉಳಿದರ್ಧವನ್ನು ತಾರಸಿಯಾಗಿ ಬಿಡುವುದು ಎಲ್ಲೆಡೆ ಇರುವ ರೂಢಿ. ಹಣ ಉಳಿಯುತ್ತದೆ, ಧಾನ್ಯ ಮೆಣಸಿನಕಾಯಿ ಒಣಗಿಸಲು ಮತ್ತು ಬೇಸಿಗೆಯ ರಾತ್ರಿ ಮಲಗಲು ಜಾಗವೂ ಉಳಿಯುತ್ತದೆ. ಗಟ್ಟಿ ಮಣ್ಣಿನಲ್ಲಿ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ಎರೆಮಣ್ಣಿನಲ್ಲಿ ಮನೆಯ ಒಂದು ಪಾರ್ಶ್ವ ಕುಸಿಯುತ್ತಲೂ ಇನ್ನೊಂದು ಪಾರ್ಶ್ವ ಉಬ್ಬುತ್ತಲೂ ಇರುವುದರಿಂದ, ಎರಡೂ ಕೂಡುವ ಗೆರೆಯಲ್ಲಿ ಮನೆ ಸೀಳುತ್ತದೆ. ಇಡೀ ಮನೆ ಸಮನಾಗಿ ಸ್ವಲ್ಪ ಇಳಿಯುವುದಕ್ಕಿಂತ ಈ ಅಸಮ ಚಲನೆ ಹೆಚ್ಚು ಅಪಾಯಕರ.

ಎರೆಮಣ್ಣಿನಲ್ಲಿ ತೇವಾಂಶದ ಏರುಪೇರು ಮೇಲಿನ ಕೆಲವು ಮೀಟರುಗಳಿಗೆ ಸೀಮಿತ. ಆದ್ದರಿಂದ ಅದರ ಕೆಳಗಿನ ಸ್ಥಿರ ಪದರವನ್ನು ಮುಟ್ಟುವ, ತುದಿಯಲ್ಲಿ ಗಡ್ಡೆಯಂತೆ ಅಗಲಗೊಳಿಸಿದ ಕಾಂಕ್ರೀಟು ಗೂಟಗಳನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಅಭಿವೃದ್ಧಿಪಡಿಸಿತು. ಆಳವಾದ ಎರೆಮಣ್ಣಿನಲ್ಲಿ ಇವು ಕನಿಷ್ಠ 3.5 ಮೀಟರ್ ಆಳಕ್ಕೆ ಇಳಿಯಬೇಕೆಂದು ಐಎಸ್ 2911 ಹೇಳುತ್ತದೆ. ಹೊಸ ಮನೆಗೆ ಇದು ಸುಲಭ. ಇದ್ದ ಮನೆಯ ಕೆಳಗೆ ಹೊಗಿಸುವುದು ಕಷ್ಟ. ಆದರೆ ಹಳೆಯ ಮನೆಯ ಹೊರಗೆ ಇಂತಹ ಗೂಟಗಳ ಮೇಲೆ ಹೊಸ ಕಂಬಗಳನ್ನು ನಿಲ್ಲಿಸಿ, ಹಳೆಯ ಗೋಡೆಗೆ ತಾಗದಂತೆ ಮೇಲಂತಸ್ತನ್ನು ಹೊರಿಸಬಹುದು. ಖರ್ಚು ಹೆಚ್ಚಾದರೂ, ಮಣ್ಣಿನ ಗಾರೆಯ ಗೋಡೆಯಿರುವ ಮನೆಗೆ ಒಪ್ಪಬಹುದಾದ ದಾರಿ ಬಹುತೇಕ ಇದೊಂದೇ.

ಮೇಲಂತಸ್ತಿನೊಂದಿಗೆ ಹೊಸ ಬಚ್ಚಲು, ಶೌಚಾಲಯ, ಕೊಳವೆಗಳು ಬರುತ್ತವೆ ಎಂಬುದನ್ನು ಮರೆಯುವಂತಿಲ್ಲ. ಕೊಳವೆಯ ಒಂದು ಸಣ್ಣ ಸೋರಿಕೆ ಅಡಿಪಾಯದ ಒಂದು ಮೂಲೆಯನ್ನು ವರ್ಷವಿಡೀ ನೆನೆಸಿಡಬಲ್ಲದು. ಮನೆಯ ಸುತ್ತ ಒಂದೂವರೆ ಮೀಟರ್ ಅಗಲದ ಇಳಿಜಾರು ಕಾಂಕ್ರೀಟು ಹಾಸು, ಬಚ್ಚಲ ನೀರನ್ನು ದೂರ ಒಯ್ಯುವ ಚರಂಡಿ ಇವು ಎರೆಮಣ್ಣಿನಲ್ಲಿ ಅಲಂಕಾರವಲ್ಲ, ರಚನೆಯ ಭಾಗವೇ.

ತಪಾಸಣೆ

ಗೋಡೆಗೆ ತಾಗಿ ಎರಡು ಮೂರು ಕಡೆ ಗುಂಡಿ ತೋಡಿ ಅಡಿಪಾಯದ ಆಳ, ಅಗಲ ಮತ್ತು ಅದು ಕುಳಿತ ಮಣ್ಣನ್ನು ನೋಡುವುದು ಮೊದಲ ಕೆಲಸ. ಗುಂಡಿಗಳನ್ನು ಒಮ್ಮೆಲೇ ತೋಡದೆ, ಒಂದನ್ನು ಮುಚ್ಚಿದ ಮೇಲೆ ಇನ್ನೊಂದನ್ನು ತೋಡಬೇಕು. ಹಳೆಯ ಕಾಂಕ್ರೀಟಿನ ಗಟ್ಟಿತನವನ್ನು ಪುಟನೆಗೆತದ ಸುತ್ತಿಗೆ ಮತ್ತು ಶ್ರವಣಾತೀತ ಅಲೆಗಳಿಂದ ಅಂದಾಜಿಸಿ, ಸಂಶಯವಿದ್ದರೆ ತಿರುಳು ಕೊರೆದು ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ. ಐಎಸ್ 456ರ ಪ್ರಕಾರ ತಿರುಳುಗಳ ಸರಾಸರಿ ಬಲವು ಆಯಾ ದರ್ಜೆಗೆ ನಿಗದಿಯಾದ ಘನ ಬಲದ ಶೇ 85ರಷ್ಟಾದರೂ ಇರಬೇಕು, ಯಾವ ಒಂದು ತಿರುಳೂ ಶೇ 75ಕ್ಕಿಂತ ಕೆಳಗಿರಬಾರದು.

ಬಿರುಕುಗಳಿದ್ದರೆ ಅವುಗಳಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ಕಾಯುತ್ತಾರೆ. ಬಿರುಕು ಚಲಿಸಿದರೆ ಗಾಜು ಒಡೆಯುತ್ತದೆ. ಎರೆಮಣ್ಣಿನಲ್ಲಿ ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಎರಡನ್ನೂ ಕಂಡ ನಂತರದ ತೀರ್ಮಾನಕ್ಕೆ ಮಾತ್ರ ಬೆಲೆಯಿದೆ.

ತಾರಸಿಯ ಮೇಲಿನ ಕಂಬಿಗಳು

ಕರ್ನಾಟಕದ ಊರುಗಳಲ್ಲಿ ತಾರಸಿಯ ಮೇಲೆ ಕಂಬಗಳಿಂದ ಚಾಚಿದ ಕಬ್ಬಿಣದ ಕಂಬಿಗಳು ಸಾಮಾನ್ಯ ನೋಟ. ಮುಂದೊಂದು ದಿನ ಮಹಡಿ ಕಟ್ಟುವ ಆಸೆಯ ಗುರುತು ಅವು. ಆದರೆ ಅವು ಅಡಿಪಾಯದ ಬಲಕ್ಕೆ ಸಾಕ್ಷಿಯಲ್ಲ. ಕಂಬಿ ಬಿಡಲು ತಗಲುವ ಖರ್ಚು ಅಲ್ಪ, ಅಡಿಪಾಯ ಅಗಲಿಸುವ ಖರ್ಚು ಅಲ್ಪವಲ್ಲ. ಹತ್ತಾರು ವರ್ಷ ಬಿಸಿಲು ಮಳೆಗೆ ಒಡ್ಡಿಕೊಂಡ ಕಂಬಿ ತುಕ್ಕು ಹಿಡಿದು ಸವೆಯುತ್ತದೆ, ತುಕ್ಕು ಕಂಬದ ಒಳಕ್ಕೂ ಇಳಿಯುತ್ತದೆ. ಬಿಡುವುದಾದರೆ ಬಡಕಲು ಕಾಂಕ್ರೀಟಿನಿಂದ ಮುಚ್ಚಿಡಬೇಕು. ಹೊಸ ಕಂಬಿಯನ್ನು ಜೋಡಿಸುವಾಗ ಎರಡೂ ಒಂದರ ಪಕ್ಕ ಒಂದು ಹಾಯುವ ಉದ್ದವು ಸಾಮಾನ್ಯವಾಗಿ ವ್ಯಾಸದ 50 ಪಟ್ಟು ಇರುತ್ತದೆ. 12 ಮಿಲಿಮೀಟರ್ ಕಂಬಿಗೆ ಅದು 600 ಮಿಲಿಮೀಟರ್. ತಾರಸಿಯ ಮೇಲೆ ಒಂದು ಅಡಿಯಷ್ಟೇ ಉಳಿದ ತುಂಡುಗಳು ಇದಕ್ಕೆ ಸಾಲವು.

ನಿರ್ಮಾಣ

ತಾರಸಿಯ ಮೇಲಿರುವ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಪದರವನ್ನು ಮೊದಲು ತೆಗೆದರೆ ಸಾಕಷ್ಟು ಭಾರ ಇಳಿಯುತ್ತದೆ. ಇಟ್ಟಿಗೆ, ಮರಳು, ಸಿಮೆಂಟನ್ನು ಹಳೆಯ ಚಾವಣಿಯ ನಡುವೆ ಗುಡ್ಡೆ ಹಾಕಬಾರದು. ಹೊಸ ಚಾವಣಿಯ ಆಧಾರದ ಕಂಬಗಳನ್ನು 4.5 ಮೀಟರ್ ವರೆಗಿನ ಅಂಕಣಕ್ಕೆ 7 ದಿನ, ಅದಕ್ಕೂ ಹೆಚ್ಚಿದ್ದರೆ 14 ದಿನ ಕೀಳಬಾರದೆಂದು ಐಎಸ್ 456 ವಿಧಿಸುತ್ತದೆ. ಬೇಸಿಗೆಯಲ್ಲಿ ನೀರುಣಿಸುವ ಕೆಲಸಕ್ಕೆ ನೀರಿನ ಕೊರತೆಯೇ ಅಡ್ಡಿ. ಐಎಸ್ 1893ರ 2016ರ ಆವೃತ್ತಿಯ ನಕ್ಷೆಯಲ್ಲಿ ರಾಯಚೂರು ಭೂಕಂಪ ವಲಯ 2ರಲ್ಲಿದೆ, ಅಂದರೆ ಅಪಾಯ ಕಡಿಮೆ. ಆದರೂ ಎರಡನೆಯ ಅಂತಸ್ತಿನ ಗೋಡೆಗಳಿಗೆ ಬಾಗಿಲ ಮಟ್ಟದಲ್ಲಿ ಕಾಂಕ್ರೀಟು ಪಟ್ಟಿ ಹಾಕುವುದು ಎರೆಮಣ್ಣಿನ ಚಲನೆಗೂ ಉಪಕಾರಿ.

ಅನುಮತಿ ಮತ್ತು ವಿದ್ಯುತ್ ತಂತಿ

ಗ್ರಾಮಗಳಲ್ಲಿ ಕಟ್ಟಡ ಕಟ್ಟಲು ಹಾಗೂ ಇರುವುದಕ್ಕೆ ಸೇರಿಸಲು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಅಡಿಯಲ್ಲಿ ಗ್ರಾಮ ಪಂಚಾಯಿತಿಯ ಅನುಮತಿ ಬೇಕು. ನಗರಗಳಲ್ಲಿ ನಗರ ಸ್ಥಳೀಯ ಸಂಸ್ಥೆಯದು.

ಮಹಡಿ ಏರುತ್ತಿದ್ದಂತೆ ಬೀದಿಯ ವಿದ್ಯುತ್ ತಂತಿ ಕೈಗೆಟಕುವ ದೂರಕ್ಕೆ ಬರುತ್ತದೆ. ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಂತೆ ಮನೆಗಳಿಗೆ ವಿದ್ಯುತ್ ಕೊಡುವ ಕಡಿಮೆ ಒತ್ತಡದ ಬೆತ್ತಲೆ ತಂತಿಯು ತಾರಸಿಯಿಂದ 2.5 ಮೀಟರ್ ಮೇಲೆ, ಪಕ್ಕದಲ್ಲಿ ಹಾದರೆ 1.2 ಮೀಟರ್ ದೂರದಲ್ಲಿರಬೇಕು. 11 ಕಿಲೋವೋಲ್ಟ್ ತಂತಿಯಾದರೆ ಮೇಲಿನ ಅಂತರ 3.7 ಮೀಟರ್. ಕಂಬಿಯನ್ನು ಮೇಲಕ್ಕೆ ಎತ್ತುವ ಕೂಲಿಕಾರರಿಗೆ ಇದು ಪ್ರಾಣದ ಪ್ರಶ್ನೆ. ತಂತಿ ಸ್ಥಳಾಂತರಕ್ಕೆ ವಿದ್ಯುತ್ ಸರಬರಾಜು ಕಂಪನಿಗೆ, ರಾಯಚೂರು ಭಾಗದಲ್ಲಿ ಜೆಸ್ಕಾಂಗೆ, ಕೆಲಸ ಶುರುವಾಗುವ ಮುನ್ನವೇ ಅರ್ಜಿ ಸಲ್ಲಿಸಬೇಕು.

ಅವಘಡಗಳು

ಲೆಕ್ಕ ಮೀರಿ ಸೇರಿಸಿದ ಅಂತಸ್ತುಗಳ ಹೆಸರಾಂತ ದುರಂತಗಳೆಲ್ಲ ದೊಡ್ಡ ಕಟ್ಟಡಗಳವು. 1995ರ ಜೂನ್ 29ರಂದು ದಕ್ಷಿಣ ಕೊರಿಯಾದ ಸೋಲ್ ನಗರದ ಸಾಂಪುಂಗ್ ಮಳಿಗೆ ಕುಸಿದು 502 ಜನ ಸತ್ತರು. ಅದರ ಐದನೆಯ ಅಂತಸ್ತು ಮೂಲ ವಿನ್ಯಾಸದಲ್ಲಿ ಇರಲಿಲ್ಲ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ರಾಣಾ ಪ್ಲಾಜಾ ಕುಸಿತದಲ್ಲಿ 1134 ಜನ ಸತ್ತರು. ಅಲ್ಲಿಯೂ ಮೇಲಿನ ಅಂತಸ್ತುಗಳಿಗೆ ಅನುಮತಿ ಇರಲಿಲ್ಲ, ಹಿಂದಿನ ದಿನವೇ ಬಿರುಕು ಕಾಣಿಸಿಕೊಂಡಿತ್ತು. ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ 2024ರ ಅಕ್ಟೋಬರ್ 22ರಂದು ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು 9 ಕಾರ್ಮಿಕರು ಮೃತಪಟ್ಟರು. ಸಾಮಾನ್ಯ ಮನೆಗಳು ಹೀಗೆ ಕ್ಷಣಾರ್ಧದಲ್ಲಿ ಬೀಳುವುದು ವಿರಳ. ಅವು ವರ್ಷಗಟ್ಟಲೆ ಬಿರುಕು ಬಿಡುತ್ತ ಎಚ್ಚರಿಸುತ್ತವೆ, ಮನೆಯವರು ಪ್ರತಿ ಹಬ್ಬಕ್ಕೂ ಅದರ ಮೇಲೆ ಗಾರೆ ಮೆತ್ತಿ ಸುಣ್ಣ ಬಳಿಯುತ್ತಾರೆ.

ಪರ್ಯಾಯಗಳು

ಅಡಿಪಾಯ ದುರ್ಬಲವೆಂದು ತಿಳಿದಾಗ ಉಕ್ಕಿನ ಚೌಕಟ್ಟಿನ ಮೇಲೆ ತಗಡಿನ ಚಾವಣಿ ಹಾಕಿ, ಹಗುರ ಫಲಕಗಳ ಗೋಡೆ ನಿಲ್ಲಿಸುವುದು ಒಂದು ಉಪಾಯ. ಇದರ ಭಾರ ಇಟ್ಟಿಗೆಯ ಅಂತಸ್ತಿನ ಸಣ್ಣ ಪಾಲು ಮಾತ್ರ. ಗಾಳಿಗೆ ಹಾರದಂತೆ ಚೌಕಟ್ಟನ್ನು ಕೆಳಗಿನ ಕಂಬಗಳಿಗೆ ಬಿಗಿಯಬೇಕು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ರಾಯಚೂರಿನಂತಹ ಕಡೆ ತಗಡಿನ ಕೆಳಗೆ ಶಾಖ ತಡೆಯುವ ಪದರವಿಲ್ಲದಿದ್ದರೆ ಹಗಲು ಹೊತ್ತಿನಲ್ಲಿ ಅಲ್ಲಿ ಇರಲಾಗದು. ಆದರೂ ಅದರ ನೆರಳಿನಿಂದ ಕೆಳಗಿನ ಕಾಂಕ್ರೀಟು ಮನೆ ಮೊದಲಿಗಿಂತ ತಂಪಾಗುತ್ತದೆ.