ನಿಮಗಿದು ಗೊತ್ತೆ? ಯೋಜನೆಗೆ ಒಪ್ಪದ ಶೆಣೈ

ಮುಕ್ತ ಮಾರುಕಟ್ಟೆಯ ಪರ ನಿಂತ ಅರ್ಥಶಾಸ್ತ್ರಜ್ಞ ಬಿ.ಆರ್. ಶೆಣೈ 1905ರಲ್ಲಿ ಹುಟ್ಟಿದ್ದು ಬೆಳ್ಳಿಕೋತಿನಲ್ಲಿ. ಇಂದು ಕಾಸರಗೋಡು ಜಿಲ್ಲೆಗೆ ಸೇರಿದ ಈ ಊರು ಆಗ ದಕ್ಷಿಣ ಕನ್ನಡದಲ್ಲಿತ್ತು. ಬನಾರಸ್ ಮತ್ತು ಲಂಡನ್ನಿನಲ್ಲಿ ಓದಿದ ಅವರ ಮೇಲೆ ಮುಕ್ತ ಮಾರುಕಟ್ಟೆಯ ಚಿಂತಕ, ಅರ್ಥಶಾಸ್ತ್ರಜ್ಞ ಹಯೆಕ್ ಅವರ ವಿಚಾರಗಳ ಪ್ರಭಾವ ಗಾಢವಾಗಿತ್ತು. ರಿಸರ್ವ್ ಬ್ಯಾಂಕಿನಲ್ಲಿ ದುಡಿದು, ಬಳಿಕ ಗುಜರಾತ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಯ ಕರಡನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ ಭಿನ್ನಮತದ ಟಿಪ್ಪಣಿ ಬರೆದವರು ಶೆಣೈ ಒಬ್ಬರೇ. ಜನರ ಉಳಿತಾಯವನ್ನು ಮೀರಿದ ಯೋಜನೆಗೆ ನೋಟು ಮುದ್ರಿಸಿ ಹಣ ಹೊಂದಿಸಿದರೆ ಬೆಲೆ ಏರುತ್ತದೆ, ಅದರ ಪೆಟ್ಟು ಬಡವರಿಗೇ ಎಂಬುದು ಅವರ ವಾದ. ಬೆಲೆ ನಿಯಂತ್ರಣ, ರಾಷ್ಟ್ರೀಕರಣಗಳನ್ನೂ ವಿರೋಧಿಸಿದರು. ಎಲ್ಲರೂ ಒಂದೆಡೆ ಇದ್ದಾಗ ಹೀಗೆ ಬರೆಯಲು ನಿಜಕ್ಕೂ ಎದೆಗಾರಿಕೆ ಬೇಕಿತ್ತು. ಎರಡೇ ವರ್ಷಗಳಲ್ಲಿ ದೇಶಕ್ಕೆ ವಿದೇಶಿ ವಿನಿಮಯದ ಬಿಕ್ಕಟ್ಟು ಎದುರಾಯಿತು. ಶೆಣೈ 1978ರಲ್ಲಿ ತೀರಿಕೊಂಡರು. ಉದ್ಯಮಕ್ಕೆ ಸರ್ಕಾರದ ಅನುಮತಿ ಬೇಕೆನ್ನುವ ಲೈಸೆನ್ಸ್ ವ್ಯವಸ್ಥೆ ಸಡಿಲವಾದದ್ದು ಅವರ ಕಾಲದ ನಂತರ, 1991ರಲ್ಲಿ.